ಟ್ರ್ಯಾಕ್ಟರ್ ಬಣ್ಣದ ಮೇಜುದೀಪ

ನಾನು ಒಂದು ಮೇಜುದೀಪ. ಎರಕದ ಕಬ್ಬಿಣದ ಪಾದ, ಬಾಗುವ ಕತ್ತು, ತಗಡಿನ ಟೋಪಿ. ಇಷ್ಟೇ ನನ್ನ ಮೈ. ಹುಟ್ಟಿದ್ದು ಬೆಂಗಳೂರಿನ ಒಂದು ಶೆಡ್ಡಿನಲ್ಲಿ. ದುಂಡಗೆ ಕತ್ತರಿಸಿದ ತಗಡನ್ನು ಲೇತಿಗೆ ಕೊಟ್ಟು, ಮರದ ಅಚ್ಚಿನ ಮೇಲೆ ತಿರುಗಿಸುತ್ತ, ಉದ್ದನೆಯ ಸಲಾಕೆಯಿಂದ ಒತ್ತಿ ಒತ್ತಿ ಟೋಪಿ ಮಾಡಿದರು. ಒತ್ತಿದವನ ಮುಖ ನನಗೆ ನೆನಪಿಲ್ಲ. ಸಲಾಕೆಯ ಹಿಂದುಗಡೆಯನ್ನು ಅವನು ಹೊಟ್ಟೆಗೆ ಆನಿಸಿಕೊಂಡಿದ್ದ, ಅದು ನೆನಪಿದೆ. ಆಮೇಲೆ ಹೊರಗೆ ಕಡು ಹಸಿರು, ಒಳಗೆ ಬಿಳಿ ಬಣ್ಣ ಹೊಡೆದು, ಒಲೆಯಂಥ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಬೇಯಿಸಿದರು. ಬೆಂದ ಬಣ್ಣ ಬಿಸಿಗೆ ಹೆದರುವುದಿಲ್ಲ. ಬಲ್ಬು ಇಡೀ ದಿನ ಉರಿದರೂ ಸುಮ್ಮನಿರುತ್ತದೆ. ಎಲ್ಲ ಬಣ್ಣವೂ ಹಾಗೇ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ನನ್ನನ್ನು ಕೊಂಡದ್ದು ಸರ್ಕಾರಿ ರೇಷ್ಮೆ ಮೊಟ್ಟೆ ಕೇಂದ್ರ. ಅಲ್ಲಿ ವಿಶಾಲಾಕ್ಷಮ್ಮ ಎಂಬವರ ಮೇಜು ಸಿಕ್ಕಿತು. ಮೊಟ್ಟೆಯಿಟ್ಟು ಮುಗಿಸಿದ ಚಿಟ್ಟೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಅರೆದು, ಅದರ ರಸದ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕೆಲಸ. ತಾಯಿಯಿಂದ ಮೊಟ್ಟೆಗೂ ದಾಟುವ ಗಂಟುರೋಗದ ಕಣ ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನು ಸುಡುವುದು, ಕಾಣದಿದ್ದರೆ ರೈತರಿಗೆ ಕೊಡುವುದು. ಸೂಕ್ಷ್ಮದರ್ಶಕದ ಕೆಳಗಿನ ಕನ್ನಡಿಗೆ ಬೆಳಕು ಹಾಯಿಸುವುದು ನನ್ನ ಕೆಲಸ. ವಿಶಾಲಾಕ್ಷಮ್ಮನ ಮೂಗಿನ ತುದಿಯನ್ನು ನಾನು ನೋಡಿದಷ್ಟು ಅವರ ಗಂಡನೂ ನೋಡಿರಲಿಕ್ಕಿಲ್ಲ.

ತಿಂಗಳಲ್ಲಿ ಎರಡು ಮೂರು ದಿನ ಅವರು ಕುರ್ಚಿಯಲ್ಲಿ ಅತ್ತಿತ್ತ ಹೊರಳಾಡುತ್ತಿದ್ದರು. ಒಮ್ಮೆ ಪಕ್ಕದ ಮೇಜಿನಾಕೆ ಕೇಳಿದಳು.

"ಏನು, ಹೊಟ್ಟೆ ನೋವಾ? ರಜೆ ಹಾಕೋದಲ್ವಾ ವಿಶಾಲೂ?"

"ತಿಂಗ್ಳು ತಿಂಗ್ಳೂ ರಜೆ ಹಾಕಿದ್ರೆ ಸಾಹೇಬ್ರು ಬಂದು ಚಿಟ್ಟೆ ಅರೀತಾರಾ?"

"ಅರೆದ್ರೆ ಅವ್ರ ಟೈ ಕುಟ್ಟಾಣಿಗೆ ಬೀಳುತ್ತೆ."

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕು ಮತ್ತೆ ಗಾಜಿಗೆ ಕಣ್ಣಿಟ್ಟರು. ಆ ದಿನ ಅವರು ಪಾಸು ಮಾಡಿದ ಮೊಟ್ಟೆಗಳೂ ಊರೂರಿಗೆ ಹೋದವು, ಒಡೆದವು, ಹುಳವಾದವು, ಗೂಡು ಕಟ್ಟಿದವು. ಕೆಟ್ಟಿತು ಎಂದು ಯಾರೂ ಹಿಂದಿರುಗಿ ಬರಲಿಲ್ಲ.

ಮುಂದೆ ಬಲ್ಬನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡ ಹೊಸ ಸೂಕ್ಷ್ಮದರ್ಶಕಗಳು ಬಂದವು. ನನ್ನನ್ನು ಉಗ್ರಾಣಕ್ಕೆ ಹಾಕಿದರು. ಅಲ್ಲಿ ಗೋಡೆಗೆ ನೀರು ಜಿನುಗುತ್ತಿತ್ತು. ಪಾದದ ಅಡಿಯಲ್ಲಿ ಮೊದಲ ತುಕ್ಕು ಹತ್ತಿದ್ದು ಅಲ್ಲೇ. ಹರಾಜಿನ ದಿನ, ಮೊಟ್ಟೆ ಅಂಟಿದ ಹಾಳೆ ಒಯ್ಯಲು ಬಂದಿದ್ದ ದ್ಯಾವಪ್ಪ ಎಂಬ ರೈತ ನನ್ನನ್ನು ಕೊಂಡ. ಜೊತೆಗೆ ಕಾಲು ಅಲ್ಲಾಡುವ ಒಂದು ಸ್ಟೂಲನ್ನೂ ಅವನ ತಲೆಗೆ ಕಟ್ಟಿದರು.

ಅವನ ಹೆಂಡತಿ ಪಿಳ್ಳಮ್ಮ ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿದಳು.

"ದೀಪ ಸರಿ. ಈ ಕುಂಟು ಸ್ಟೂಲ್ ಮೇಲೆ ಯಾರನ್ನ ಕೂರ್ಸೋದು?"

"ನಿನ್ ತಮ್ಮ ಬರ್ತಾನಲ್ಲ ಹಬ್ಬಕ್ಕೆ."

"ಅವ್ನು ಬಿದ್ರೆ ನಿನ್ ಮೇಲೇ ಬೀಳ್ಲಿ."

ಹೀಗೆ ನಾನು ಹುಳದ ಮನೆ ಸೇರಿದೆ.

ಹುಳದ ಮನೆ ಎಂದರೆ ವಾಸದ ಮನೆಗೆ ಅಂಟಿಕೊಂಡ ಉದ್ದನೆಯ ಕೋಣೆ. ಕಿಟಕಿಗಳಿಗೆ ಗೋಣಿಪಟ್ಟೆ. ಒಳಗೆ ಸ್ಟ್ಯಾಂಡುಗಳ ಮೇಲೆ ಬಿದಿರ ತಟ್ಟೆಗಳು, ತಟ್ಟೆಗಳಲ್ಲಿ ಹುಳ, ಹುಳದ ಮೇಲೆ ಹಿಪ್ಪುನೇರಳೆ ಸೊಪ್ಪು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು. ಹುಳ ಮೇವು ಬಿಟ್ಟು ತಲೆಯೆತ್ತಿ ಕೂತರೆ ಜ್ವರಕ್ಕೆ ಕೂತವು ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಹೀಗೆ ನಾಲ್ಕು ಜ್ವರ ಕಳೆದ ಮೇಲೆ ಅವು ಗೂಡು ಕಟ್ಟುವುದು. ಹುಳ ಜ್ವರಕ್ಕೆ ಕೂತಿದೆಯೇ, ಎದ್ದಿದೆಯೇ, ಮೈ ಹೊಳೆಯುತ್ತಿದೆಯೇ ಎಂದು ನೋಡಲು ಆ ಕತ್ತಲೆಯಲ್ಲಿ ಹತ್ತಿರದ ಬೆಳಕು ಬೇಕು. ನನ್ನ ಕತ್ತು ಅದಕ್ಕೆ ಒದಗಿತು.

ರೇಷ್ಮೆ ಹುಳಕ್ಕೆ ವಾಸನೆ ಆಗದು. ಊದುಬತ್ತಿ, ಹೊಗೆಸೊಪ್ಪು, ಸೊಳ್ಳೆಬತ್ತಿ, ಯಾವುದೂ ಒಳಗೆ ಬರುವಂತಿಲ್ಲ. ಪಿಳ್ಳಮ್ಮನ ಪಟ್ಟಿಯಲ್ಲಿ ಇನ್ನೂ ಎರಡು ಇದ್ದವು. ಒಂದು, ಮುಟ್ಟಾದ ಹೆಂಗಸು. ಮೂರು ದಿನ ಅವಳು ಹೊರಗಿನ ಜಗಲಿಯ ಮೇಲೆ ಕೂರಬೇಕು. ಮುಟ್ಟು ನಿಲ್ಲುವ ತನಕ ಪಿಳ್ಳಮ್ಮ ತಾನೂ ಕೂತಿದ್ದಳು. ಇನ್ನೊಂದು, ಅವಳ ಸ್ವಂತ ಮಗ ಬೈರೇಶ. ದ್ಯಾವಪ್ಪ ತೀರಿಕೊಂಡ ಮೇಲೆ ಅವನು ಪೇಟೆಯ ಟ್ರ್ಯಾಕ್ಟರ್ ಗ್ಯಾರೇಜಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿದ್ದ. ಸಂಜೆ ಬಂದರೆ ಮೈಯೆಲ್ಲ ಥಿನ್ನರ್ ವಾಸನೆ. "ಹೊಸ್ಲು ದಾಟಿದ್ರೆ ಕಾಲು ಮುರಿದೇನು" ಎಂದು ಅವ್ವನೇ ಹೇಳಿದ್ದಳು. ಅವನು ಬಾಗಿಲಾಚೆ ನಿಂತೇ ಸೊಪ್ಪಿನ ಹೊರೆ ಇಳಿಸುತ್ತಿದ್ದ.

ಪ್ರತಿ ಬೆಳೆ ಮುಗಿದ ಮೇಲೆ ಕೋಣೆಯನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು ಸುಣ್ಣ ಎರಚುತ್ತಾರೆ. ರೋಗಾಣು ಸಾಯುತ್ತದೆ, ಕಬ್ಬಿಣವೂ ಸಾಯುತ್ತದೆ. ನಾನು ಭಾರ ಎಂದು ಯಾರೂ ಹೊರಗಿಡುತ್ತಿರಲಿಲ್ಲ. ಟೋಪಿಯ ಅಂಚು ಮೊದಲು ಉಬ್ಬಿತು, ಆಮೇಲೆ ಹಕ್ಕಳೆ ಎದ್ದಿತು. ಕತ್ತಿನ ಕೀಲು ಬಿಗಿದುಕೊಂಡಿತು. ಸ್ವಿಚ್ಚು ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಕೊನೆಗೆ ತುಕ್ಕಿನ ಚೂರು ಸೊಪ್ಪಿನ ಮೇಲೆ ಉದುರತೊಡಗಿದಾಗ ಪಿಳ್ಳಮ್ಮ, "ಗುಜರಿಯವ್ನು ಬಂದ್ರೆ ಹಾಕ್ಬುಡಿ" ಎಂದಳು.

ಬೇಡ ಎಂದವಳು ಸೊಸೆ ಸುಗುಣ.

ಸುಗುಣ ಆ ಮನೆಗೆ ಬಂದಾಗ ಅವಳಿಗೆ ಹುಳ ಮುಟ್ಟಲು ಹೇಸಿಗೆಯಾಗುತ್ತಿತ್ತು. ಅದನ್ನು ಮುಚ್ಚಿಡಲು ಹೋಗಿ ಅವಳು ಎಲ್ಲರಿಗಿಂತ ಹೆಚ್ಚು ಮುಟ್ಟಿದಳು, ಕೆಲಸ ಕೈಗೆ ಹತ್ತಿತು. ಎರಡು ವರ್ಷ ಕಸ ತೆಗೆದು, ಸೊಪ್ಪು ಕೊಚ್ಚಿ, ಅತ್ತೆಯ ಬೆನ್ನ ಹಿಂದೆ ನಿಂತು ನೋಡಿದ್ದಳು. ಈಗ ಅತ್ತೆಯ ಮಂಡಿ ಹಿಡಿದಿತ್ತು. ಮಾಗಿಯ ಬೆಳೆಗೆ ಮೊಟ್ಟೆ ಹಾಳೆ ತಂದ ದಿನ ಸುಗುಣ ಕೇಳಿಯೇಬಿಟ್ಟಳು.

"ಅತ್ತೆ, ಈ ಬೆಳೆ ನಾನು ನೋಡ್ಕೊಳ್ಲಾ?"

ಪಿಳ್ಳಮ್ಮ ಎಲೆಯಡಿಕೆ ಉಗಿದು ಬಂದು ಕೂತಳು. "ನೋಡ್ಕೋ. ಹಾಳೆಯಿಂದ ಗೂಡಿನ ತಂಕ ನಿಂದೇ. ನಾನು ಬಾಯಿ ಹಾಕಲ್ಲ. ಕೆಟ್ರೆ ಮಾತ್ರ ಇನ್ನ ಈ ಹೊಸ್ಲು ತುಳೀಬೇಡ. ಸೊಪ್ಪು ಕೊಯ್ಯಾಕ್ ಹೋಗು, ಸಾಕು."

"ಆಯ್ತು."

"ಆಯ್ತು ಅನ್ನೋದು ಸುಲಭ ಕಣೇ."

ಆ ಸಂಜೆಯೇ ಸುಗುಣ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿತ್ತಲಿಗೆ ತಂದು ಗಂಡನ ಮುಂದೆ ಇಟ್ಟಳು. "ರೀ, ಟ್ರ್ಯಾಕ್ಟರ್‌ಗೆ ಮಾಡೋದನ್ನ ಇದಕ್ಕೂ ಮಾಡಿ. ಟ್ಯೂಬ್‌ಲೈಟಲ್ಲಿ ಹುಳದ ಮೈ ಕಾಣ್ಸಲ್ಲ ನಂಗೆ."

ಬೈರೇಶ ನನ್ನ ಪಾದವನ್ನು ಬೆರಳಿನಿಂದ ಕೆರೆದ. "ಗಟ್ಟಿ ಐತೆ. ತಗಡು ತೂತಾಗಿಲ್ಲ. ಮಾಡಬೋದು."

ಮೊಟ್ಟೆ ಒಡೆದು ಹುಳ ಸಣ್ಣದಿರುವಾಗ ನನ್ನ ಅಗತ್ಯ ಅಷ್ಟಿರಲಿಲ್ಲ. ಆ ದಿನಗಳಲ್ಲಿ ಅವನು ಕೆಲಸದಿಂದ ಬಂದು ನನ್ನನ್ನು ಬಿಚ್ಚುತ್ತ ಕೂತ. ಕೀಲುಗಳಿಗೆ ಸೀಮೆಎಣ್ಣೆ ಬಿಟ್ಟು ನೆನೆಯಲು ಇಟ್ಟ. ಬಿಗಿದ ಸ್ಕ್ರೂ ತಿರುಗಲಿಲ್ಲ. ಮತ್ತೆ ಎಣ್ಣೆ, ಮತ್ತೆ ಸುತ್ತಿಗೆಯಿಂದ ಮೆಲ್ಲನೆ ಏಟು. ಮಾರನೇ ಸಂಜೆ ಅದು ಕಿರ್ರೆಂದು ತಿರುಗಿತು. ಒಳಗಿದ್ದ ಬಟ್ಟೆ ಸುತ್ತಿದ ಹಳೆಯ ವೈರು ಎಳೆದ ಕೂಡಲೇ ಪುಡಿಯಾಯಿತು. "ಇಷ್ಟು ದಿನ ನೀವು ಬದುಕಿದ್ದೇ ಹೆಚ್ಚು" ಎಂದು ಅವನು ಹೆಂಡತಿಗೆ ತೋರಿಸಿದ.

ಸ್ಕ್ರೂ, ವಾಷರ್, ಚಿಲ್ಲರೆ ಸಾಮಾನನ್ನೆಲ್ಲ ಸುಗುಣ ಹುಣಸೆಹಣ್ಣಿನ ನೀರಿಗೆ ಹಾಕಿದಳು. ಟೋಪಿಯನ್ನೂ ಪಾದವನ್ನೂ ಬೈರೇಶ ತಂತಿ ಬ್ರಷ್ಷಿನಿಂದ ಉಜ್ಜಿದ. ಮೊದಲು ಕೆಂಪು ಪುಡಿ, ಆಮೇಲೆ ಕಪ್ಪು, ಕೊನೆಗೆ ಬೂದು ಬಣ್ಣದ ಕಬ್ಬಿಣ. ನನ್ನ ಬರಿಮೈಯನ್ನು ಹುಟ್ಟಿದ ಶೆಡ್ಡು ಬಿಟ್ಟ ಮೇಲೆ ಯಾರೂ ನೋಡಿರಲಿಲ್ಲ. ತುಕ್ಕು ತಿಂದ ಜಾಗದಲ್ಲಿ ಸಣ್ಣ ಗುಳಿಗಳಿದ್ದವು, ಸಿಡುಬಿನ ಕಲೆಯ ಹಾಗೆ. ಒಳಗಿನ ಬಿಳಿ ಬಣ್ಣ ಅಲ್ಲಲ್ಲಿ ಇನ್ನೂ ಗಟ್ಟಿಯಾಗಿಯೇ ಇತ್ತು. ಅದನ್ನೂ ಬಿಡದೆ ಕೆರೆದ. ಮೈ ತೊಳೆದ ಕೂಡಲೇ ಒಲೆಯ ಪಕ್ಕ ಇಟ್ಟು ಒಣಗಿಸಿದ. ಒದ್ದೆ ಕಬ್ಬಿಣ ಕಣ್ಣೆದುರಿಗೇ ಮತ್ತೆ ಕೆಂಪಾಗುತ್ತದೆ ಎಂದು ಅವನಿಗೆ ಗೊತ್ತು. ತುಕ್ಕು ತಡೆಯಲು ರೆಡ್ ಆಕ್ಸೈಡ್ ಒಂದು ಕೈ. ಗುಳಿ ಮುಚ್ಚಲು ಪುಟ್ಟಿ. ಪುಟ್ಟಿ ಒಣಗಿದ ಮೇಲೆ ನೀರಲ್ಲಿ ಅದ್ದಿದ ಮರಳು ಕಾಗದ ಹಿಡಿದು ಉಜ್ಜಿ ಉಜ್ಜಿ ಕೈಗೆ ನುಣುಪು ಸಿಗುವ ತನಕ ಬಿಡಲಿಲ್ಲ. ಅವನು ಮಾತು ಕಡಿಮೆಯ ಮನುಷ್ಯ. ಅವನ ಬೆರಳುಗಳಿಗೇ ಕಣ್ಣಿತ್ತು.

ಬಣ್ಣ ಹೊಡೆದದ್ದು ಗ್ಯಾರೇಜಿನಲ್ಲಿ, ಗಾಳಿ ಗನ್ನಿನಿಂದ. ಹೊರಗೆ ನೀಲಿ, ಒಳಗೆ ಬೆಳ್ಳಿ ಬಣ್ಣ.

"ಹಸಿರು ಇತ್ತಲ್ಲ ಮೊದ್ಲು" ಎಂದಳು ಸುಗುಣ.

"ಉಳಿದಿರೋದು ಟ್ರ್ಯಾಕ್ಟರ್ ನೀಲಿ. ಬೇಡ ಅಂದ್ರೆ ಕೆಂಪು ಐತೆ. ಹೊಡೆದ್ರೆ ಬೆಂಕಿ ಆರ್ಸಾಕೆ ಬಂದೈತೆ ಅಂತಾರೆ."

"ನೀಲೀನೇ ಇರ್ಲಿ."

ಹಿತ್ತಲ ತಂತಿಗೆ ಕಟ್ಟಿ ಬಿಸಿಲಿಗೆ ಬಿಟ್ಟರು. ಕೆಲವು ದಿನ ಕಳೆದ ಮೇಲೆ ಬೈರೇಶ ಉಗುರು ಒತ್ತಿ ನೋಡಿದ. ಗುರುತು ಬೀಳಲಿಲ್ಲ. ಮೂಸಿ ನೋಡಿದ. ಸುಗುಣಳೂ ಮೂಸಿದಳು.

"ಥಿನ್ನರ್ ವಾಸ್ನೆ ಐತೆ."

"ಅದು ನನ್ ಮೈದು. ದೀಪದ್ದಲ್ಲ."

ಅವಳು ನಕ್ಕು ಒದ್ದೆ ಬಟ್ಟೆಯಲ್ಲಿ ನನ್ನನ್ನು ಒರೆಸಿ ಹುಳದ ಮನೆಗೆ ತಂದಳು. ಆ ಮನೆಯಲ್ಲಿ ನಿಷೇಧ ಇದ್ದದ್ದು ಮನುಷ್ಯನಿಗೆ. ಅವನ ಕೈಯಿಂದ ಬಂದ ವಸ್ತುವಿನ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಕೆಲವು ದಿನ ಅವಳು ನನ್ನನ್ನು ಗಳಿಗೆ ಹೊತ್ತು ಹಚ್ಚಿ, ಹುಳ ನೋಡಿ, ಆರಿಸುತ್ತಿದ್ದಳು. ಅಷ್ಟಕ್ಕೆ ನಾನು ಬಿಸಿಯಾಗುತ್ತಿರಲಿಲ್ಲ. ಕೆಲಸ ಚೆನ್ನಾಗಿಯೇ ನಡೆಯಿತು.

ಹುಳ ನಾಲ್ಕನೇ ಜ್ವರದಿಂದ ಎದ್ದವು. ಇನ್ನು ಒಂದು ವಾರ ಚೆನ್ನಾಗಿ ತಿಂದರೆ ಗೂಡು. ಬೆಳೆಯ ಜೀವವೆಲ್ಲ ಆ ವಾರದಲ್ಲಿರುತ್ತದೆ. ಅದೇ ಹೊತ್ತಿಗೆ ಮೋಡ ಕಟ್ಟಿಕೊಂಡು ಚಳಿ ಬಿತ್ತು. ಸುಗುಣ ಒಂದು ಮೂಲೆಗೆ ಕೆಂಡದ ಬಾಣಲೆ ಇಟ್ಟಳು. ಒಳಗಿನ ಸ್ಟ್ಯಾಂಡಿಗೆ ಅದರ ಕಾವು ಮುಟ್ಟುವುದಿಲ್ಲ ಎಂದು ನನಗೆ ದೊಡ್ಡ ಬಲ್ಬು ಹಾಕಿ, ತಟ್ಟೆಗಳ ಪಕ್ಕಕ್ಕೆ ತಂದು, ಕತ್ತು ಬಾಗಿಸಿ ಬೆಳಗ್ಗೆಯೇ ಹಚ್ಚಿಬಿಟ್ಟಳು.

ಆ ಬೆಳಗ್ಗೆ ಅವಳು ಮುಟ್ಟಾಗಿದ್ದಳು. ಹೇಳಿದರೆ ಮೂರು ದಿನ ಜಗಲಿ. ಅಷ್ಟರಲ್ಲಿ ಬೆಳೆ ಅತ್ತೆಯ ಕೈಗೆ ಹೋಗುತ್ತದೆ, ಗೂಡಾದರೆ ಅದು ಅತ್ತೆಯ ಗೂಡು. ಅವಳು ಹೇಳಲಿಲ್ಲ. ಬಾವಿಯ ಹಿಂದೆ ಬಟ್ಟೆ ಒಗೆದು ಹಾಕಿ, ಸೊಪ್ಪಿನ ಕುಕ್ಕೆ ಎತ್ತಿಕೊಂಡು ಒಳಗೆ ಬಂದಳು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಟೋಪಿ ಕೈ ಸುಡುವಷ್ಟು ಕಾದಿತ್ತು. ಇದು ಬೇಯಿಸದ ಬಣ್ಣ. ಅದರ ಹೊಟ್ಟೆಯಲ್ಲಿ ಉಳಿದಿದ್ದ ಥಿನ್ನರೆಲ್ಲ ಬಿಸಿಗೆ ಮೇಲೆದ್ದು ಕೆಳಗಿನ ತಟ್ಟೆಗಳಿಗೆ ಇಳಿಯಿತು. ಹುಳ ಮೇವು ಬಿಟ್ಟವು. ತಲೆಯೆತ್ತಿ ಅತ್ತಿತ್ತ ತೂಗಿದವು. ಬಾಯಿಂದ ಹಸಿರು ನೀರು ಬಿಟ್ಟವು. ಸುಗುಣ ಒಂದನ್ನು ಅಂಗೈಯಲ್ಲಿ ಎತ್ತಿಕೊಂಡಳು. ಅದು ಅಲ್ಲೇ ಸುರುಟಿಕೊಂಡಿತು. ವಾಸನೆ ಅವಳ ಮೂಗಿಗೆ ಬಂದಿರಬೇಕು. ಆದರೆ ದಿನಾ ಮಲಗುವ ಹಾಸಿಗೆಯ ವಾಸನೆಯನ್ನು ಯಾರು ಗಮನಿಸುತ್ತಾರೆ?

ಅವಳು ಕೂಗಿದ ಮೇಲೆ ಪಿಳ್ಳಮ್ಮ ಮಂಡಿ ಹಿಡಿದುಕೊಂಡು ಬಂದಳು. ಹುಳ ಹಿಚುಕಿ ನೋಡಿದಳು. "ಹಾಲುರೋಗ ಅಲ್ಲ. ಸಪ್ಪೆರೋಗಾನೂ ಅಲ್ಲ. ಸೊಪ್ಪಿಗೆ ಔಷಧಿ ಬಿದ್ದಿತ್ತಾ?"

"ನಮ್ ತೋಟದ್ದೇ ಸೊಪ್ಪು. ಬಾಗ್ಲು ಕಡೆ ಸ್ಟ್ಯಾಂಡಿಗೂ ಅದೇ ಹಾಕಿದ್ದು. ಅವು ಚೆನ್ನಾಗವೆ."

ಪಿಳ್ಳಮ್ಮ ಹುಳ ಬಿಟ್ಟು ಸೊಸೆಯ ಮುಖ ನೋಡಿದಳು. "ಬಾವಿ ಹಿಂದೆ ಬಟ್ಟೆ ಹಾಕಿದ್ದೀಯ."

ಸುಗುಣ ಸೊಪ್ಪಿನ ಕುಕ್ಕೆಯನ್ನು ಕೆಳಗಿಟ್ಟಳು.

"ಯಾವತ್ತಿಂದ?"

"ಇವತ್ತು ಬೆಳಗ್ಗೆ."

"ಆಗೋಯ್ತಲ್ಲ. ಇನ್ನೇನು ಹುಡುಕೋದು." ಪಿಳ್ಳಮ್ಮನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ಹೋಗು, ಹೊರಗ್ ಕೂತ್ಕೋ. ಬೆಳೆ ನಂದು ಈಗ. ಉಳಿದಿದ್ದು ಉಳೀಲಿ. ಮುಂದಕ್ಕೆ ಸೊಪ್ಪು ಕೊಯ್ಕೊಂಡಿರು."

ತಾನೇ ಕೊಂದೆ ಎಂದು ಸುಗುಣಳಿಗೂ ಅನಿಸಿತ್ತು. ಅವಳು ಜಗಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ವಿಶಾಲಾಕ್ಷಮ್ಮನ ಮೇಜಿನಲ್ಲಿ ವರ್ಷಗಟ್ಟಲೆ ಇದ್ದ ನನಗೆ, ಮುಟ್ಟಿನಿಂದ ಹುಳ ಸಾಯುವುದಿಲ್ಲ ಎಂದು ಗೊತ್ತಿತ್ತು. ದೀಪಕ್ಕೆ ಬಾಯಿಲ್ಲ. ಅದರ ಬಗ್ಗೆ ದುಃಖ ಪಡುವುದರಲ್ಲಿ ಅರ್ಥವೂ ಇಲ್ಲ.

ಪಿಳ್ಳಮ್ಮ ಸತ್ತ ಹುಳವನ್ನೆಲ್ಲ ಸುಣ್ಣದ ಗುಂಡಿಗೆ ಹಾಕಿಸಿದಳು. ಮರುದಿನ ಬೆಳಗ್ಗೆ ಬಾಗಿಲು ಕಡೆಯ ಸ್ಟ್ಯಾಂಡಿನ ಹುಳ ನೋಡಲು ಅವಳಿಗೆ ಬೆಳಕು ಸಾಲಲಿಲ್ಲ. ನನ್ನನ್ನು ಸ್ಟೂಲಿನ ಸಮೇತ ಅಲ್ಲಿಗೆ ಎಳೆದು ಹಚ್ಚಿದಳು. ಚಳಿಗೂ ಆಯಿತು ಎಂದು ಹಾಗೇ ಬಿಟ್ಟಳು. ಮಧ್ಯಾಹ್ನಕ್ಕೆ ಆ ಹುಳವೂ ತಲೆ ತೂಗಿದವು. ಆ ಹುಳವೂ ಹಸಿರು ನೀರು ಬಿಟ್ಟವು.

"ಅಯ್ಯೋ, ಇವೂ" ಎಂಬ ಮಾತು ಜಗಲಿಗೆ ಕೇಳಿಸಿತು. ಸುಗುಣ ಎದ್ದು ಬಾಗಿಲಿಗೆ ಬಂದಳು. ಹೊಸ್ತಿಲು ದಾಟಲಿಲ್ಲ.

"ಇವತ್ತು ಒಳಗೆ ಯಾರ್ ಬಂದಿದ್ರು ಅತ್ತೆ?"

"ಯಾರ್ ಬರ್ತಾರೆ. ನಾನೇ."

"ನಾನು ಬಂದಿಲ್ಲ."

"ಇಲ್ಲ."

"ನಿಮಗೆ ನಿಂತು ಎಷ್ಟು ವರ್ಷ ಆಯ್ತು?"

ಪಿಳ್ಳಮ್ಮ ಕೈಯಲ್ಲಿದ್ದ ಹುಳವನ್ನೇ ನೋಡುತ್ತ ನಿಂತಳು. ಸುಗುಣಳ ಕಣ್ಣು ತಟ್ಟೆಗಳ ಮೇಲಿಂದ ಹರಿದು ನನ್ನ ಮೇಲೆ ನಿಂತಿತು. "ನಿನ್ನೆ ಈ ದೀಪ ಆ ಕಡೆ ಸತ್ತ ಹುಳದ ಮೇಲಿತ್ತು. ನಡುವಿನ ಸ್ಟ್ಯಾಂಡ್‌ಗೆ ಎರಡು ದಿನಾನೂ ಇಟ್ಟಿಲ್ಲ. ಅವು ನೋಡಿ, ಮೇಯ್ತಾ ಅವೆ."

ಅಂದು ಗ್ಯಾರೇಜಿಗೆ ರಜೆ. ಬೈರೇಶ ಸೊಪ್ಪಿನ ಹೊರೆ ಹೊತ್ತು ಬಂದವನು ಬಾಗಿಲಲ್ಲಿ ಮೂಗೆತ್ತಿದ.

"ಥಿನ್ನರ್ ಕಾದಂಗೆ ವಾಸ್ನೆ."

"ನೀನೇ ಇರ್ಬೇಕು" ಎಂದಳು ಅವ್ವ.

"ಎರಡು ದಿನದಿಂದ ಡಬ್ಬ ಮುಟ್ಟಿಲ್ಲ ಕಣಮ್ಮ, ತಲೆಗೂ ಹುಯ್ಕೊಂಡಿವ್ನಿ." ಅವನ ದೃಷ್ಟಿ ನನ್ನ ಮೇಲೆ ಬಿತ್ತು. ಹೊರೆ ಕೈಯಿಂದ ಜಾರಿತು. "ಗಾಡಿಗೆ ಹೊಡೆಯೋ ಬಣ್ಣ ಅದು. ಬಿಸಿ ಜಾಗಕ್ಕಲ್ಲ. ನಂಗೆ ಹೊಳೀಲೇ ಇಲ್ಲ."

ಸುಗುಣ ಯಾರನ್ನೂ ಕೇಳದೆ ಒಳಗೆ ಬಂದಳು. ಪ್ಲಗ್ ಕಿತ್ತಳು. ಸೆರಗಿನಿಂದ ಹಿಡಿದರೂ ಟೋಪಿ ಅವಳ ಬೆರಳು ಸುಟ್ಟಿತು. ನನ್ನನ್ನು ಹೊತ್ತೊಯ್ದು ತಾನು ಕೂತಿದ್ದ ಜಗಲಿಯ ಮೇಲೆ ಕುಕ್ಕಿದಳು. ವಾಪಸು ಹೋಗಿ ಕಿಟಕಿಗಳ ಗೋಣಿ ಎತ್ತಿ ಕಟ್ಟಿದಳು. ಆಮೇಲೆ ಹೊರಗೆ ಬಂದು ನನ್ನ ಪಕ್ಕ ನಿಂತಳು.

"ನಿನ್ ಬಣ್ಣಕ್ಕಿಷ್ಟು ಬೆಂಕಿ ಹಾಕ" ಎಂದು ಪಿಳ್ಳಮ್ಮ ಮಗನನ್ನು ಬೈದಳು. ಅವನು ತಲೆ ತಗ್ಗಿಸಿದ. ಆಮೇಲೆ ಅವಳು ಸೊಸೆಯ ಕಡೆ ತಿರುಗಿ, "ಆದ್ರೂ ನೀನು ನಂಗೆ ಹೇಳ್ದೆ ಒಳಗೆ ಹೋಗಿದ್ದು ತಪ್ಪೇ" ಎಂದಳು.

"ಹೇಳಿದ್ರೆ ಬಿಡ್ತಿದ್ರಾ?"

ಪಿಳ್ಳಮ್ಮ ಕುಕ್ಕೆ ಎತ್ತಿಕೊಂಡು ನಡುವಿನ ಸ್ಟ್ಯಾಂಡಿಗೆ ಸೊಪ್ಪು ಹಾಕತೊಡಗಿದಳು. ಮೇಲಿನ ತಟ್ಟೆಗಳಾದವು. ಕೆಳಗಿನದಕ್ಕೆ ಬಗ್ಗಬೇಕಿತ್ತು. ಬಗ್ಗಿದವಳು ಏಳಲಾರದೆ ಸ್ಟ್ಯಾಂಡಿನ ಬೊಂಬು ಹಿಡಿದುಕೊಂಡು ಅಲ್ಲೇ ಕೂತಳು. ಬೈರೇಶ ಹೊಸ್ತಿಲ ತನಕ ಬಂದು ನಿಂತ. ಹಸಿದ ಹುಳ ತಟ್ಟೆಯ ಅಂಚಿಗೆ ಬಂದು ತಡಕಾಡುತ್ತಿದ್ದವು. ಆ ವಯಸ್ಸಿನ ಹುಳ ಕಾಯುವುದಿಲ್ಲ.

"ಏನ್ ನೋಡ್ತಾ ನಿಂತಿದ್ದೀಯ?" ಎಂದಳು ಪಿಳ್ಳಮ್ಮ, ನೆಲದಿಂದಲೇ. ಮಗನನ್ನಲ್ಲ, ಸೊಸೆಯನ್ನು. "ಕೈ ತೊಳ್ಕೊಂಡ್ ಬಾ. ಕೆಳಗಿನ ಸಾಲು ಖಾಲಿ ಐತೆ."

ಸುಗುಣ ಕೈ ತೊಳೆದು ಒಳಗೆ ಹೋದಳು. ಅದು ಅವಳ ಮುಟ್ಟಿನ ಎರಡನೆಯ ದಿನ.

ಉಳಿದ ಹುಳ ಹಣ್ಣಾಗಿ ಗೂಡು ಕಟ್ಟಿದವು. ಬೆಳೆ ಪೂರ್ತಿ ಅಲ್ಲ, ಆದರೆ ಗೂಡು ಗಟ್ಟಿಯಿದ್ದವು. ಮಾರುಕಟ್ಟೆಗೆ ಚೀಲ ಕಟ್ಟುವಾಗ ಪಿಳ್ಳಮ್ಮ ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, "ಪರವಾಗಿಲ್ಲ" ಎಂದಳು. ಹೊಗಳಿಕೆ ಅಂದರೆ ಅವಳಲ್ಲಿ ಅಷ್ಟೇ.

ನಾನು ಜಗಲಿಯಲ್ಲೇ ಉಳಿದೆ. ಬೈರೇಶ ಬಣ್ಣವನ್ನೆಲ್ಲ ಕೆರೆದು ಬರಿಮೈ ಮಾಡಿಕೊಡುತ್ತೇನೆ ಎಂದ. ಸುಗುಣ ಬೇಡ ಎಂದಳು. ಒಳಗೆ ಪ್ಲಾಸ್ಟಿಕ್ಕಿನ ಹೊಸ ದೀಪ ಬಂದಿದೆ, ಅದು ಬಿಸಿಯೇ ಆಗುವುದಿಲ್ಲವಂತೆ. ನನ್ನ ಬಣ್ಣದ ವಾಸನೆ ಎಷ್ಟೋ ಬೇಸಿಗೆಯ ಬಿಸಿಲಿಗೆ ಹಾರಿಹೋಗಿದೆ. ಅದನ್ನು ಯಾರೂ ಪರೀಕ್ಷೆ ಮಾಡಿ ನೋಡಿಲ್ಲ, ನೋಡುವ ಅಗತ್ಯವೂ ಅವರಿಗಿಲ್ಲ. ಕರೆಂಟು ಇದ್ದ ಸಂಜೆ ನನ್ನ ಬೆಳಕಿನಲ್ಲಿ ಸೊಪ್ಪು ಕೊಚ್ಚುತ್ತಾರೆ. ಪಾದದ ಸ್ಕ್ರೂ ಸುತ್ತ ಮತ್ತೆ ಕೆಂಪು ಹತ್ತುತ್ತಿದೆ. ತುಕ್ಕನ್ನು ತೆಗೆಯಬಹುದು, ಬಾರದಂತೆ ಮಾಡಲಾಗದು. ನನಗೆ ಅದರ ಮೇಲೆ ದ್ವೇಷವಿಲ್ಲ. ನನ್ನಿಂದ ಕೆಟ್ಟದ್ದಾದದ್ದು ತುಕ್ಕು ಹಿಡಿದಾಗಲ್ಲ, ಹೊಳೆಯುತ್ತಿದ್ದಾಗ.

ಮೊನ್ನೆ ಪಕ್ಕದ ಮನೆಯ ಅಕ್ಕಯ್ಯಮ್ಮ ಬಂದಳು. ಪಿಳ್ಳಮ್ಮ ಹುಳದ ಮನೆಯ ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಿದ್ದಳು. ಸುಗುಣ ಬಾವಿ ಕಡೆಯಿಂದ ಬಂದಳು, ತಂತಿಯ ಮೇಲೆ ಬಟ್ಟೆ ಎಲ್ಲರಿಗೂ ಕಾಣುವಂತೆ ಒಣಗುತ್ತಿತ್ತು. ಅಕ್ಕಯ್ಯಮ್ಮ ಬಟ್ಟೆ ನೋಡಿದಳು, ಸುಗುಣಳ ಸೊಂಟದ ಮೇಲಿನ ಸೊಪ್ಪಿನ ಕುಕ್ಕೆ ನೋಡಿದಳು, ಪಿಳ್ಳಮ್ಮನನ್ನು ನೋಡಿದಳು.

"ಏನ್ ಪಿಳ್ಳಮ್ಮಕ್ಕ, ನಿನ್ ಸೊಸೆ ಒಳಗ್ ಹೊಂಟವ್ಳೆ."

"ಹುಳ ಹಸ್ಕೊಂಡವೆ" ಎಂದು ಪಿಳ್ಳಮ್ಮ ಎರಡೂ ಕೈಯಲ್ಲಿ ಮಂಡಿ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಕಾಲು ಮಡಚಿ ದಾರಿ ಬಿಟ್ಟಳು.